ಮೂಲೆ ಸೇರಿದ ಜಾವಾ ಮತ್ತೆ ಓಡಬೇಕೆ?

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಮನೆಗಳಲ್ಲಿ ತೆಂಗಿನಕಾಯಿ ರಾಶಿಯ ಹಿಂದೆ ಒಮ್ಮೆ ಇಣುಕಿ ನೋಡಿ. ಗೋಣಿಚೀಲ ಹೊದ್ದು ನಿಂತ ಜಾವಾ ಅಥವಾ ಯೆಜ್ಡಿ ಸಿಕ್ಕರೂ ಸಿಗಬಹುದು. ಅಪ್ಪನೋ ದೊಡ್ಡಪ್ಪನೋ ಓಡಿಸಿದ ಗಾಡಿ. ಗುಜರಿಗೆ ಹಾಕಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ!

ಈ ಗಾಡಿ ಕನ್ನಡ ನಾಡಿನದೇ ಕೂಸು. ಜೆಕ್ ಮೂಲದ ಜಾವಾವನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿತು. 1970ರ ದಶಕದಲ್ಲಿ ಅದರ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು, ನಿಜ. ಆದರೆ ಇವು ಫೋರ್ ಸ್ಟ್ರೋಕ್ ಗಾಡಿಗಳು. ಇವುಗಳ ಇಂಜಿನ್ ಭಾಗಗಳು ಹಳೆಯ ಟೂ ಸ್ಟ್ರೋಕಿಗೆ ಹೊಂದುವುದಿಲ್ಲ. ಆದ್ದರಿಂದ ಮೂಲ ಪಿಸ್ಟನ್, ಸಿಲಿಂಡರನ್ನು ಕಾಪಾಡಿಕೊಳ್ಳುವುದೇ ಜಾಣತನ.

ಒದೆಯುವ ಮುನ್ನ

ಪೆಟ್ರೋಲ್ ಸುರಿದು ಕಿಕ್ ಹೊಡೆಯುವುದು ಎಲ್ಲರೂ ಮಾಡುವ ಮೊದಲ ಕೆಲಸ. ಅದು ಬೇಡ. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕಿಗೆ ಅಂಟಿಕೊಂಡಿರುತ್ತವೆ. ಬಲವಂತ ಮಾಡಿದರೆ ರಿಂಗ್ ಮುರಿದು ಸಿಲಿಂಡರನ್ನು ಗೀರುತ್ತದೆ. ಪ್ಲಗ್ ಬಿಚ್ಚಿ, ಎರಡು ಮೂರು ಚಮಚ ತೆಳು ಎಣ್ಣೆ ಬಿಟ್ಟು ಒಂದೆರಡು ದಿನ ಸುಮ್ಮನಿರಿ. ಆಮೇಲೆ ಟಾಪ್ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ.

ಹಳೆಯ ಪೆಟ್ರೋಲನ್ನು ಪೂರ್ತಿ ಚೆಲ್ಲಬೇಕು. ಅದರ ಹಗುರ ಅಂಶಗಳು ಆವಿಯಾಗಿ, ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗಿರುತ್ತದೆ. ಕಾರ್ಬುರೇಟರಿನ ಜೆಟ್ ಮುಚ್ಚುವುದು ಈ ಅಂಟೇ. ಜೆಟ್ಟಿಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾದೀತು. ಕ್ಲೀನರಿನಲ್ಲಿ ನೆನೆಸಿ ಗಾಳಿ ಊದಿಸಿ. ಪಾಯಿಂಟುಗಳ ಮೇಲಿನ ಆಕ್ಸೈಡ್ ಪೊರೆ ಉಜ್ಜಿ ತೆಗೆದು, ಅಂತರವನ್ನು 0.4 ಮಿ.ಮೀ.ಗೆ ಇಟ್ಟರೆ ಕಿಡಿ ಬರುತ್ತದೆ.

ಹೊತ್ತಿದರೆ ಸಾಕೆ?

ಇಂಜಿನ್ ಸ್ಟಾರ್ಟ್ ಆಗುವುದು ಬೇರೆ, ಸರಿಯಾಗಿ ಓಡುವುದು ಬೇರೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆ ಪಂಪಿನಂತೆ ಕೆಲಸ ಮಾಡುತ್ತದೆ. ಅದರಿಂದ ಗಾಳಿ ಸೋರಬಾರದು. ಇದನ್ನು ಕಾಯುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಆಯಿಲ್ ಸೀಲುಗಳು. ನಿಂತ ಗಾಡಿಯಲ್ಲಿ ಇವು ಒಣಗಿ ಗಟ್ಟಿಯಾಗುತ್ತವೆ.

ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಗಾಡಿ ಬಿಡದೆ ಹೊಗೆ ಉಗುಳುತ್ತದೆ. ಡೈನಮೋ ಬದಿಯದು ಹೋದರೆ ಅಪಾಯ ಹೆಚ್ಚು: ಹೆಚ್ಚುವರಿ ಗಾಳಿ ನುಗ್ಗಿ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕಿರುಚುತ್ತದೆ, ಕಾದು ಪಿಸ್ಟನ್ ಸೀಜ್ ಆಗುತ್ತದೆ. ಓಡುವಾಗಲೇ ಸೀಜ್ ಆದರೆ ಹಿಂದಿನ ಚಕ್ರ ಬಿಗಿದುಕೊಂಡು ಸವಾರ ಬೀಳಬಹುದು. ಆದ್ದರಿಂದ ಬಣ್ಣ, ಕ್ರೋಮಿಗೆ ದುಡ್ಡು ಸುರಿಯುವ ಮುನ್ನ ಸೀಲ್, ಟೈರ್, ಬ್ರೇಕ್ ಲೈನರ್ ಬದಲಾಯಿಸಿ.

ಇಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಮೂಲಕವೇ. ಲೀಟರಿಗೆ ಸುಮಾರು 40 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸಲು ಮರೆಯಬೇಡಿ. ಇಂದಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೈಪ್, ವಾಷರುಗಳನ್ನು ಹೊಸದಾಗಿ ಹಾಕಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಕಾಗದವೂ ಜೀವಂತವಾಗಲಿ

ನೋಂದಣಿಗೆ 15 ವರ್ಷ ಆಯುಸ್ಸು. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ನವೀಕರಿಸಬೇಕು. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು. ಆದರೆ ಅದನ್ನು ರ‍್ಯಾಲಿ, ಪ್ರದರ್ಶನಗಳಂಥ ಸಂದರ್ಭ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ಸಂತೆಗೂ ತೋಟಕ್ಕೂ ಬೇಕೆಂದರೆ ಸಾಮಾನ್ಯ ನವೀಕರಣವೇ ಸರಿ. ವಿಮೆ, ಹೊಗೆ ಪ್ರಮಾಣಪತ್ರವೂ ಬೇಕು.

ಮೊದಲ ದಿನ ಐದು ಕಿಲೋಮೀಟರ್ ಸಾಕು. ನಿಲ್ಲಿಸಿ, ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗಿದ್ದರೆ ಗಾಳಿ ಹೆಚ್ಚು, ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚು. ಕಾಫಿ ಪುಡಿಯ ಬಣ್ಣವಿದ್ದರೆ ಮುಂದಿನ ಭಾನುವಾರ ಗುಬ್ಬಿಯಿಂದ ತುಮಕೂರಿಗೆ ಧಾರಾಳವಾಗಿ ಹೊರಡಿ.