ಬೇಯಿಸಿದರೂ ಹೋಗದ ವಿಷ

‘ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ.’ ಮೀನಿನ ವಿಷಯದಲ್ಲಿ ಅಮ್ಮನ ಈ ಮಾತನ್ನು ನಾನೂ ನಂಬಿದ್ದೆ. 2016ರಲ್ಲಿ ಮಂಗಳೂರಿನಲ್ಲಿ ರೆಡ್ ಸ್ನ್ಯಾಪರ್ ಮೀನು ತಿಂದ ಹಲವರು ಆಸ್ಪತ್ರೆ ಸೇರಿದಾಗ ನಾನಿನ್ನೂ ಶಾಲಾ ಹುಡುಗ. ಮೀನು ಹಾಳಾಗಿದ್ದಿರಬೇಕು ಎಂದುಕೊಂಡಿದ್ದೆವು. ಆದರೆ ಅದು ‘ಸಿಗ್ವಟೆರಾ’ ಎಂಬ ಮೀನುವಿಷದ ಕಾಯಿಲೆ. ತಾಜಾ ಮೀನಿನಿಂದಲೂ ಬರುತ್ತದೆ.

ಈ ವಿಷದ ಮೂಲ ಮೀನಲ್ಲ. ಹವಳದ ದಿಬ್ಬಗಳ ಪಾಚಿಗೆ ಅಂಟಿಕೊಂಡಿರುವ ‘ಗ್ಯಾಂಬಿಯರ್‌ಡಿಸ್ಕಸ್’ ಎಂಬ ಸೂಕ್ಷ್ಮಜೀವಿ. ಆ ಪಾಚಿ ಮೇಯುವ ಸಣ್ಣ ಮೀನನ್ನು ದೊಡ್ಡ ಮೀನು ನುಂಗುತ್ತದೆ. ಹೀಗೆ ವಿಷ ದೊಡ್ಡ ಮೀನಿನಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಮೀನಿನ ರುಚಿ, ವಾಸನೆ ಮಾತ್ರ ಬದಲಾಗುವುದಿಲ್ಲ.

ದೇಹದೊಳಗೆ ಅದು ಮಾಡುವುದೇನು? ಎಲೆಕ್ಟ್ರಾನಿಕ್ಸ್ ಓದುತ್ತಿರುವ ನನಗೆ ಇಲ್ಲಿ ಟ್ರಾನ್ಸಿಸ್ಟರ್ ನೆನಪಾಯಿತು. ನಮ್ಮ ನರಕೋಶಗಳ ಪೊರೆಯಲ್ಲಿ ‘ಸೋಡಿಯಂ ಚಾನೆಲ್’ ಎಂಬ ಪುಟ್ಟ ಬಾಗಿಲುಗಳಿವೆ. ಕೋಶ ಸುಮ್ಮನಿರುವಾಗ ಒಳಗಿನ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಆಗ ಬಾಗಿಲು ಮುಚ್ಚಿರುತ್ತದೆ. ವೋಲ್ಟೇಜ್ ಏರಿದಾಗ ಕ್ಷಣಮಾತ್ರ ತೆರೆದು, ಸೋಡಿಯಂ ಒಳಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಅದೇ ನರದ ಸಂಕೇತ.

ಸಿಗ್ವಟಾಕ್ಸಿನ್ ಬಂದು ಅಂಟಿಕೊಂಡರೆ ತೆರೆಯಬಾರದ ಹೊತ್ತಿನಲ್ಲೂ ಬಾಗಿಲು ತೆರೆದುಕೊಳ್ಳುತ್ತದೆ. ಸೋಡಿಯಂ ನುಗ್ಗುತ್ತದೆ, ನರ ಕಾರಣವಿಲ್ಲದೆ ಸಂಕೇತ ಕಳುಹಿಸುತ್ತದೆ, ನೀರೂ ಒಳಸೇರಿ ಕೋಶ ಊದಿಕೊಳ್ಳುತ್ತದೆ. ಹಾಗಾಗಿಯೇ ವಾಂತಿ, ಭೇದಿಯ ಜೊತೆಗೆ ತುಟಿ, ಕೈಕಾಲು ಜುಮ್ಮೆನ್ನುತ್ತವೆ. ತಣ್ಣೀರು ಮುಟ್ಟಿದರೆ ಬೆಂಕಿ ಮುಟ್ಟಿದಂತೆ ಉರಿಯುತ್ತದೆ. ಕೆಲವರಿಗೆ ಇದು ತಿಂಗಳುಗಟ್ಟಲೆ ಕಾಡುತ್ತದೆ.

ಪಫರ್ ಮೀನಿನ ಟೆಟ್ರೊಡೊಟಾಕ್ಸಿನ್ ಇದಕ್ಕೆ ತದ್ವಿರುದ್ಧ. ಅದು ಇದೇ ಬಾಗಿಲಿಗೆ ಹೊರಗಿನಿಂದ ಬಿರಡೆ ಜಡಿಯುತ್ತದೆ. 1964ರಲ್ಲಿ ವಿಜ್ಞಾನಿ ತೊಷಿಯೊ ನರಹಾಶಿ ಮತ್ತು ಸಂಗಡಿಗರು ನರತಂತುವಿನ ಮೇಲೆ ಪ್ರಯೋಗ ನಡೆಸಿ ಇದನ್ನು ತೋರಿಸಿದರು. ಸಂಕೇತವೇ ತಲುಪದೆ ಸ್ನಾಯುಗಳು ಸೋಲುತ್ತವೆ, ಕೊನೆಗೆ ಉಸಿರಾಟವೂ ನಿಲ್ಲಬಹುದು. ಎರಡು ವಿಷಗಳಿಗೂ ಪ್ರತಿವಿಷವಿಲ್ಲ. ರೋಗಿಯ ಉಸಿರು, ರಕ್ತದೊತ್ತಡ ಕಾಯ್ದುಕೊಳ್ಳುವುದೇ ಚಿಕಿತ್ಸೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಬೆಂಕಿ ರೋಗಾಣುವನ್ನು ಕೊಲ್ಲುತ್ತದೆ, ಆದರೆ ಈ ವಿಷಕ್ಕೆ ಜೀವವೇ ಇಲ್ಲ. ಅಡುಗೆಮನೆಯ ಬಿಸಿ, ಫ್ರಿಜ್‌ನ ತಂಪು, ಉಪ್ಪು, ಹುಳಿ ಯಾವುದಕ್ಕೂ ಅದು ಬಗ್ಗುವುದಿಲ್ಲ.

‘ಹಾಗಾದರೆ ಮೀನು ತಿನ್ನುವುದೇ ಬೇಡವಾ?’ ಅಮ್ಮನ ಮುಖ ಸಪ್ಪಗಾಯಿತು.

‘ಹಾಗಲ್ಲಮ್ಮ. ಬಂಗುಡೆ, ಬೂತಾಯಿ ಹವಳದ ದಿಬ್ಬದ ಮೀನುಗಳಲ್ಲ. ಆ ದಿಬ್ಬಗಳ ಕಡೆಯಿಂದ ಬಂದ ದೊಡ್ಡ ಮೀನಿನ ತಲೆ, ಪಿತ್ತಜನಕಾಂಗ, ಮೊಟ್ಟೆ ಬೇಡ. ಮೀನು ತಿಂದ ಮೇಲೆ ತುಟಿ ಜುಮ್ಮೆಂದರೆ ಕಷಾಯ ಕುಡಿದು ಕೂರಬಾರದು. ಆಸ್ಪತ್ರೆಗೆ ಹೋಗಿ, ಯಾವ ಮೀನು ತಿಂದೆವೆಂದು ವೈದ್ಯರಿಗೆ ಹೇಳಬೇಕು.’

ಈಗ ಮೀನು ಕೊಳ್ಳುವಾಗ ‘ತಾಜಾ ಇದೆಯಾ’ ಎಂಬುದರ ಜೊತೆಗೆ ‘ಎಲ್ಲಿಯದು’ ಎಂದೂ ಅಮ್ಮ ಕೇಳುತ್ತಾಳೆ.