ಗುದ್ದಲಿ ಮನೆಯಲ್ಲಿದೆ, ಒಡ್ಡು ಕಟ್ಟೋರು ಎಲ್ಲಿ?

ಹಳದೀಪುರದಿಂದ ಮಾತಾಡ್ತಾ ಇದ್ದೇನೆ. ಹಳೇ ಕಾಲದ ಬೇಸಾಯ ಅಂದ ಕೂಡಲೇ ನಮಗೆ ನೆನಪಾಗೋದು ನೇಗಿಲು, ನೊಗ, ಜೋಡಿ ಎತ್ತು. ಆದರೆ ನಮ್ಮ ಪಕ್ಕದ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾಗಿದ್ದು ಗುದ್ದಲಿ ಮತ್ತು ಮಣ್ಣು ಹೊರುವ ಬುಟ್ಟಿ. ಯಾಕೆ ಅಂತ ಇವತ್ತು ನೋಡೋಣ.

ಅಳಿವೆ ಬದಿಯ ಉಪ್ಪುನೀರಿನ ಗದ್ದೆಗೆ ನಮ್ಮಲ್ಲಿ ಗಜನಿ ಅಂತಾರೆ. ಅಲ್ಲಿ ಬೆಳೆಯೋದು ಕಗ್ಗ ಭತ್ತ. ಉಪ್ಪನ್ನೂ ತಡೆಯುತ್ತೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯೋದಿಲ್ಲ. ಕೇರಳದ ಪೊಕ್ಕಾಳಿ, ಗೋವಾದ ಖಾಜನ್ ಗದ್ದೆಗಳದ್ದೂ ಇದೇ ಪದ್ಧತಿ.

ಕೆಲಸ ನಡೆಯೋದು ಹೀಗೆ. ಮಳೆಗಾಲಕ್ಕೆ ಮುಂಚೆ ಗದ್ದೆಯ ಉಪ್ಪುನೀರು ಹೊರಗೆ ಬಿಟ್ಟು ಮಣ್ಣು ಒಣಗಿಸಬೇಕು. ಮೊದಲ ಮಳೆಗಳು ಉಪ್ಪನ್ನು ತೊಳೆದುಕೊಂಡು ಹೋಗುತ್ತವೆ. ಆಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ನಾಟಿ ಇಲ್ಲ, ಗೊಬ್ಬರವೂ ಇಲ್ಲ. ಹೊಳೆ ತಂದು ಹಾಕಿದ ಕೆಸರೇ ಗೊಬ್ಬರ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ದಂಟನ್ನು ಗದ್ದೆಯಲ್ಲೇ ಬಿಡುತ್ತಾರೆ. ಬಳಿಕ ಉಬ್ಬರದ ನೀರು ಒಳಗೆ ಬಂದಾಗ ಕೊಳೆತ ದಂಟು ಮೀನು, ಸಿಗಡಿಗೆ ಮೇವಾಗುತ್ತೆ. ಮಳೆಗಾಲದಲ್ಲಿ ಅಕ್ಕಿ, ಆಮೇಲೆ ಮೀನು. ನಾನು ಓದಿದ್ದು ಬಿಕಾಂ. ಒಂದೇ ನೆಲದಲ್ಲಿ ಎರಡು ಆದಾಯ, ಗೊಬ್ಬರದ ಖರ್ಚು ಸೊನ್ನೆ. ಕೇಳೋಕೆ ಬಹಳ ಚೆಂದದ ಲೆಕ್ಕ.

ಆದರೆ ಈ ಲೆಕ್ಕದಲ್ಲಿ ಒಂದು ದೊಡ್ಡ ಖರ್ಚು ಕಾಣೋದಿಲ್ಲ. ಅದು ಒಡ್ಡು. ಹೊಳೆಗೂ ಗದ್ದೆಗೂ ನಡುವೆ ಇರೋದು ಮಣ್ಣಿನ ಒಡ್ಡು, ಅದರಲ್ಲಿ ನೀರು ಬಿಡೋಕೆ, ತಡೆಯೋಕೆ ಹಲಗೆಯ ಬಾಗಿಲು. ಉಬ್ಬರ ಇಳಿತ ನೋಡಿ ಬಾಗಿಲು ತೆಗೀಬೇಕು, ಹಾಕಬೇಕು. ಏಡಿ ಕೊರೆದ ತೂತನ್ನು ಆಗಲೇ ಮುಚ್ಚಬೇಕು. ಒಂದು ಕಡೆ ಒಡ್ಡು ಒಡೆದರೆ ಒಬ್ಬನ ಗದ್ದೆ ಅಲ್ಲ, ಇಡೀ ಬಯಲಿಗೇ ಉಪ್ಪುನೀರು ನುಗ್ಗುತ್ತೆ. ಹಾಗಾಗಿ ಗುದ್ದಲಿ ನಿಮ್ಮದೇ ಆದರೂ ಅದರ ಕೆಲಸ ಊರಿನದ್ದು.

1970ರ ದಶಕದಲ್ಲಿ ಸರ್ಕಾರ ಗಟ್ಟಿ ಒಡ್ಡು ಕಟ್ಟಿಸಿತು. ಬರಬರುತ್ತಾ ಊರವರು ಸೇರಿ ಮಣ್ಣು ಹೊರೋದು ಕಡಿಮೆಯಾಯ್ತು. ಮುಂದೆ ಸಿಗಡಿ ಕೃಷಿಯ ದುಡ್ಡು ಬಂತು. ಸಿಗಡಿಗೆ ವರ್ಷಪೂರ್ತಿ ಉಪ್ಪುನೀರು ಬೇಕು, ಭತ್ತಕ್ಕೆ ಮಳೆಗಾಲದಲ್ಲಿ ಸಿಹಿನೀರು. ಒಂದೇ ಒಡ್ಡಿನೊಳಗೆ ಎರಡೂ ಹೇಗೆ ಆಗುತ್ತೆ? 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಉದ್ಯಮದ ಕೊಳಗಳನ್ನು ನಿಷೇಧಿಸಿತು. ಆದರೆ ಪಾಳು ಬಿದ್ದ ಗಜನಿಗಳಿಗೆ ಭತ್ತ ತಾನಾಗಿ ವಾಪಸ್ ಬರಲಿಲ್ಲ. ಮಾಣಿಕಟ್ಟಾದಂಥ ಕೆಲವೇ ಊರುಗಳಲ್ಲಿ ರೈತರು ಕಗ್ಗದ ಬೀಜ ಉಳಿಸಿಕೊಂಡರು.

2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಖುಷಿಯ ವಿಷಯವೇ. ಆದರೆ ಹಳೇ ಸಲಕರಣೆಗಳನ್ನು ಮ್ಯೂಸಿಯಂನಲ್ಲಿ ಇಟ್ಟ ಹಾಗೆ ಗಜನಿಯನ್ನು ಉಳಿಸೋಕೆ ಆಗಲ್ಲ. ಕಗ್ಗವನ್ನು ಒಬ್ಬನೇ ಬೆಳೆಯೋಕಾಗಲ್ಲ. ಪಕ್ಕದ ಗದ್ದೆಯವನೂ ಬೆಳೀಬೇಕು. ಬೀಜ ಇನ್ನೂ ಇದೆ, ಗುದ್ದಲಿಯೂ ಇದೆ. ಬೇಕಾಗಿರೋದು ಒಟ್ಟಿಗೆ ಒಡ್ಡಿಗೆ ಇಳಿಯೋ ಹತ್ತು ಜನ.

ನಿಮ್ಮೂರಲ್ಲಿ ಗಜನಿ ಇದ್ದರೆ, ಅದರ ಬಾಗಿಲು ಈಗ ಯಾರು ನೋಡ್ಕೋತಾರೆ ಅಂತ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.