ಗರ್ಭಿಣಿಯರಲ್ಲಿ ‘ಬಿ’ ವರ್ಗದ ಸ್ಟ್ರೆಪ್ಟೊಕಾಕಸ್ ಮತ್ತು ಪ್ರತಿಜೈವಿಕ ಔಷಧಗಳು

ಶರೀರದಲ್ಲಿ ರೋಗಾಣುವಿರುವುದೂ ರೋಗವಿರುವುದೂ ಒಂದೇ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಇವೆರಡೂ ಬೇರೆ. ಆರೋಗ್ಯವಂತರ ಚರ್ಮ, ಗಂಟಲು, ಕರುಳುಗಳಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಯಾವ ಉಪದ್ರವವನ್ನೂ ಕೊಡದೆ ನೆಲೆಸಿರುತ್ತವೆ. ತಾಯಿಗೆ ತಿಳಿಯದಂತೆಯೇ ಇರುವ ಇಂತಹ ಜೀವಿಯೊಂದು ಹೆರಿಗೆಯ ಕೆಲವೇ ಗಂಟೆಗಳಲ್ಲಿ ಮಗುವಿನ ಪ್ರಾಣಕ್ಕೆ ಎರವಾಗಬಹುದೆಂಬುದಕ್ಕೆ ‘ಬಿ’ ವರ್ಗದ ಸ್ಟ್ರೆಪ್ಟೊಕಾಕಸ್ ನಿದರ್ಶನವಾಗಿದೆ.

ಈ ಜೀವಿಯ ಪರಿಚಯ ಮೊದಲು ಆದದ್ದು ಪ್ರಸೂತಿಗೃಹದಲ್ಲಲ್ಲ, ಹಸುವಿನ ಕೊಟ್ಟಿಗೆಯಲ್ಲಿ. ಕೆಚ್ಚಲುಬಾವನ್ನುಂಟುಮಾಡಿ ಹಾಲನ್ನು ಬತ್ತಿಸುವುದರಿಂದ ಇದಕ್ಕೆ ‘ಅಗಲಾಕ್ಟಿಯೆ’, ಎಂದರೆ ಹಾಲಿಲ್ಲದಂತೆ ಮಾಡುವುದು, ಎಂಬ ಹೆಸರು ಬಂದಿತು. 1933ರಲ್ಲಿ ಅಮೆರಿಕದ ರೆಬೆಕಾ ಲಾನ್ಸ್‌ಫೀಲ್ಡ್ ಸ್ಟ್ರೆಪ್ಟೊಕಾಕಸ್‌ಗಳನ್ನು ವರ್ಗಗಳಾಗಿ ವಿಂಗಡಿಸಿದರು. ಇವುಗಳಲ್ಲಿ ‘ಬಿ’ ವರ್ಗದ್ದು ಮೂವರು ಬಾಣಂತಿಯರ ಮರಣಕ್ಕೆ ಕಾರಣವಾದುದನ್ನು 1938ರಲ್ಲಿ ಇಂಗ್ಲೆಂಡಿನ ಫ್ರೈ ಪ್ರಕಟಿಸಿದರು. 1970ರ ದಶಕದ ವೇಳೆಗೆ ಅಮೆರಿಕದಲ್ಲಿ ನವಜಾತ ಶಿಶುಗಳ ರಕ್ತನಂಜಿಗೆ ಇದು ಪ್ರಮುಖ ಕಾರಣವೆನಿಸಿತು.

ಕರುಳೇ ಇದರ ಮೂಲಸ್ಥಾನ. ಅಲ್ಲಿಂದ ಯೋನಿಮಾರ್ಗಕ್ಕೆ ಹರಡುತ್ತದೆ. ಜಗತ್ತಿನ ಗರ್ಭಿಣಿಯರಲ್ಲಿ ಸುಮಾರು ನೂರಕ್ಕೆ 18 ಮಂದಿಯಲ್ಲಿ ಇದು ಇರುವುದೆಂದು ಅಂದಾಜು. ರಕ್ಷಣೋಪಾಯವಿಲ್ಲದಿದ್ದಲ್ಲಿ ಇಂತಹ ತಾಯಂದಿರ ಶಿಶುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಜೀವಿಯು ದಾಟುತ್ತದೆ. ನೂರಕ್ಕೆ ಒಂದೆರಡು ಶಿಶುಗಳು ಮೊದಲ ವಾರದಲ್ಲಿಯೇ ರಕ್ತನಂಜು, ಶ್ವಾಸಕೋಶದ ಉರಿಯೂತ ಅಥವಾ ಮಿದುಳುಪೊರೆಯ ಉರಿಯೂತಕ್ಕೆ ತುತ್ತಾಗುತ್ತವೆ.

ಹಾಗಾದರೆ ಗರ್ಭಿಣಿಗೆ ಮುಂಚಿತವಾಗಿಯೇ ಔಷಧ ಕೊಡಬಾರದೇಕೆ? ಕೊಟ್ಟರೂ ಪ್ರಯೋಜನ ನಿಲ್ಲುವುದಿಲ್ಲ. ಕರುಳಿನಿಂದ ಜೀವಿಯು ಮತ್ತೆ ಬಂದು ನೆಲೆಸುತ್ತದೆ. ಆದುದರಿಂದ 36–37ನೆಯ ವಾರದಲ್ಲಿ ಯೋನಿ ಮತ್ತು ಗುದಗಳೆರಡರಿಂದಲೂ ದ್ರವದ ಮಾದರಿಯನ್ನು ತೆಗೆದು ಪರೀಕ್ಷಿಸಿ, ಜೀವಿಯಿದ್ದವರಿಗೆ ಹೆರಿಗೆನೋವು ತೊಡಗಿದಾಗ ರಕ್ತನಾಳದ ಮೂಲಕ ಪೆನಿಸಿಲಿನ್ ಕೊಡುವ ಕ್ರಮ ಅಮೆರಿಕದಲ್ಲಿ ರೂಢಿಗೆ ಬಂದಿದೆ. ಪ್ರಸವಕ್ಕೆ ನಾಲ್ಕು ಗಂಟೆಯಾದರೂ ಮೊದಲು ಔಷಧ ಸೇರಿದರೆ ಫಲ ಹೆಚ್ಚು. ಅಲ್ಲಿ ಮೊದಲ ವಾರದ ಈ ರೋಗವು 1993ರಲ್ಲಿ ಸಾವಿರ ಜನನಗಳಿಗೆ 1.7 ಇದ್ದುದು 2015ರಲ್ಲಿ 0.23ಕ್ಕೆ ಇಳಿಯಿತು.

ಯಾವ ಔಷಧಕ್ಕೆ ಜೀವಿಯು ಮಣಿಯುತ್ತದೆಂಬುದನ್ನು ತಿಳಿಯಲು ಅದನ್ನು ತಟ್ಟೆಯಲ್ಲಿ ಬೆಳೆಸಿ, ಔಷಧ ಲೇಪಿಸಿದ ಕಾಗದದ ಬಿಲ್ಲೆಗಳನ್ನಿಡುತ್ತಾರೆ. ಔಷಧವು ಪರಿಣಾಮಕಾರಿಯಾದರೆ ಬಿಲ್ಲೆಯ ಸುತ್ತ ಬೆಳೆಯಿಲ್ಲದ ವೃತ್ತ ಮೂಡುತ್ತದೆ. ಪೆನಿಸಿಲಿನ್ ಇಂದಿಗೂ ಬಹುತೇಕ ಎಲ್ಲೆಡೆ ಸಮರ್ಥವಾಗಿದೆ. ಆದರೆ ಅದು ಒಗ್ಗದವರಿಗೆ ಬಳಸಬಹುದಾದ ಕ್ಲಿಂಡಮೈಸಿನ್‌ಗೆ ಪ್ರತಿರೋಧ ಹೆಚ್ಚುತ್ತಿದೆ. ಕೆಲವೊಮ್ಮೆ ಈ ಪ್ರತಿರೋಧ ಮರೆಯಲ್ಲಿರುತ್ತದೆ. ಪಕ್ಕದಲ್ಲಿ ಎರಿಥ್ರೊಮೈಸಿನ್ ಬಿಲ್ಲೆಯನ್ನಿಟ್ಟಾಗ ಕ್ಲಿಂಡಮೈಸಿನ್‌ನ ವೃತ್ತವು ಆ ಕಡೆ ಚಪ್ಪಟೆಯಾಗಿ ‘ಡಿ’ ಅಕ್ಷರದ ಆಕಾರ ತಾಳುವುದರಿಂದ ಅದು ಬಯಲಾಗುತ್ತದೆ. ಪರೀಕ್ಷೆಯಿಲ್ಲದೆ ಈ ಔಷಧವನ್ನು ನಂಬುವಂತಿಲ್ಲ.

ಭಾರತದ ಸ್ಥಿತಿ ಇನ್ನೊಂದು ಬಗೆಯದು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಶುಗಳ ರಕ್ತನಂಜಿಗೆ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲ, ಇ. ಕೋಲೈ ಮುಖ್ಯ ಕಾರಣಗಳೆಂದು ಕಂಡುಬಂದಿತು. ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಸುಮಾರು ನೂರಕ್ಕೆ 82ರಷ್ಟು ಹಲವು ಔಷಧಗಳಿಗೆ ಮಣಿಯದವು. ಇವುಗಳ ಮೇಲೆ ಪೆನಿಸಿಲಿನ್ ನಡೆಯದು. ಆದಕಾರಣ ಅಮೆರಿಕದ ಕ್ರಮವೊಂದನ್ನೇ ಅನುಸರಿಸಿದರೆ ಇಲ್ಲಿಯ ಶಿಶುಗಳಿಗೆ ಪೂರ್ಣ ರಕ್ಷಣೆ ದೊರೆಯುವುದಿಲ್ಲ. ಶುಚಿಯಾದ ಹೆರಿಗೆ, ಕೈತೊಳೆಯುವ ಶಿಸ್ತು, ತನ್ನಲ್ಲಿ ಕಂಡುಬರುವ ಜೀವಿಗಳು ಯಾವ ಔಷಧಕ್ಕೆ ಮಣಿಯುತ್ತವೆಂಬುದರ ಲೆಕ್ಕ—ಈ ಮೂರನ್ನೂ ಪ್ರತಿಯೊಂದು ಪ್ರಸೂತಿಗೃಹವೂ ಪಾಲಿಸುವುದು ಅವಶ್ಯ.